ಹಿರಿಯರ ದುಡಿಮೆಯನ್ನು ಸಾಕ್ಷಿಗೆ ಕರೆಯುವವರಿಗೆ ಒಂದು ಬಹಿರಂಗ ಪತ್ರ

ಕಾರ್ಮಿಕ ಕಾನೂನುಗಳನ್ನು ರೂಪಿಸುವ ಜನಪ್ರತಿನಿಧಿಗಳಿಗೆ, ಅವುಗಳ ಕರಡು ಸಿದ್ಧಪಡಿಸುವ ಅಧಿಕಾರಿಗಳಿಗೆ ಮತ್ತು ವೇದಿಕೆಗಳ ಮೇಲೆ ಯುವಜನರಿಗೆ ದುಡಿಮೆಯ ಪಾಠ ಹೇಳುವ ಉದ್ಯಮಿಗಳಿಗೆ

ಮಾನ್ಯರೇ,

ಕೆಲಸದ ಅವಧಿಯನ್ನು ಹೆಚ್ಚಿಸುವ ಪ್ರಸ್ತಾಪ ಬಂದಾಗ, ಪಿಂಚಣಿಯ ಹೊರೆಯ ಬಗ್ಗೆ ಚರ್ಚೆ ನಡೆದಾಗ, ಬಡ ಕುಟುಂಬಗಳಿಗೆ ನೀಡುವ ನೆರವು ಜನರನ್ನು ಸೋಮಾರಿಗಳನ್ನಾಗಿಸುತ್ತದೆ ಎಂಬ ವಾದ ಎದ್ದಾಗ ತಾವು ತಪ್ಪದೆ ಹಿರಿಯರನ್ನು ನೆನೆಯುತ್ತೀರಿ. ನಮ್ಮ ಅಜ್ಜ ಅಜ್ಜಿಯರು ಗಡಿಯಾರ ನೋಡಿ ದುಡಿದವರಲ್ಲ, ಯಾರ ಮುಂದೆಯೂ ಕೈಯೊಡ್ಡಿದವರಲ್ಲ, ಸರ್ಕಾರದ ಕಡೆ ಮುಖ ಮಾಡದೆ ತಮ್ಮ ಕಾಲ ಮೇಲೆ ತಾವು ನಿಂತವರು ಎನ್ನುತ್ತೀರಿ. ಅವರು ಮೈಮುರಿದು ದುಡಿದರು ಎಂಬುದರಲ್ಲಿ ನನಗೆ ಯಾವ ತಕರಾರೂ ಇಲ್ಲ. ದುಡಿದು ಉಣ್ಣುವ ಕುಟುಂಬದಲ್ಲಿ ಹುಟ್ಟಿ ಬೆಳೆದ ನನಗೆ ಆ ಮಾತು ಕೇಳಿದಾಗ ಹೆಮ್ಮೆಯೇ ಆಗುತ್ತದೆ. ಆದರೆ ಆ ದುಡಿಮೆಯನ್ನು ಮುಂದಿಟ್ಟುಕೊಂಡು, ಅವರೇ ಹೋರಾಡಿ ಪಡೆದ ರಕ್ಷಣೆಗಳನ್ನು ಇಂದಿನವರಿಂದ ಹಿಂತೆಗೆದುಕೊಳ್ಳಲು ಹೊರಟಾಗ ಸುಮ್ಮನಿರಲು ಮನಸ್ಸು ಒಪ್ಪುವುದಿಲ್ಲ. ಹಿಂದಿನ ದುಡಿಯುವ ಕುಟುಂಬಗಳು ಹೇಗೆ ಬದುಕಿದವು, ಏನನ್ನು ಕೇಳಿದವು, ಯಾವುದರ ಆಸರೆಯಲ್ಲಿ ತಲೆಯೆತ್ತಿ ನಿಂತವು ಎಂಬುದಕ್ಕೆ ದಾಖಲೆಗಳಿವೆ. ಅವುಗಳಲ್ಲಿ ಕೆಲವನ್ನು ತಮ್ಮ ಗಮನಕ್ಕೆ ತರುವುದಕ್ಕಾಗಿ ಈ ಪತ್ರ.

ಮೊದಲು ಮನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ತಮ್ಮ ಭಾಷಣಗಳಲ್ಲಿ ಬರುವ ಹಿರಿಯ ಹೆಚ್ಚಾಗಿ ಗಂಡಸು, ಅವನ ದುಡಿಮೆ ಹೆಚ್ಚಾಗಿ ಮನೆಯ ಹೊರಗಿನದು. 1909ರಿಂದ 1913ರವರೆಗೆ ಲಂಡನ್ನಿನ ಲ್ಯಾಂಬೆತ್ ಪ್ರದೇಶದಲ್ಲಿ ಫೇಬಿಯನ್ ಸಂಘ ಎಂಬ ಸಮಾಜವಾದಿ ಸಂಘಟನೆಯ ಮಹಿಳಾ ಗುಂಪಿನ ಸದಸ್ಯೆಯರು ವಾರಕ್ಕೆ ಸುಮಾರು ಒಂದು ಪೌಂಡ್ ಸಂಬಳದಲ್ಲಿ ಬದುಕುತ್ತಿದ್ದ ಕುಟುಂಬಗಳನ್ನು ಮನೆಮನೆಗೆ ಹೋಗಿ ಕಂಡರು. ತಾಯಂದಿರಿಗೆ ವಾರದ ಲೆಕ್ಕ ಬರೆದಿಡುವಂತೆ ಕೇಳಿಕೊಂಡರು. ಬರೆಯಲು ಬಾರದ ತಾಯಂದಿರು ಬಾಯಲ್ಲಿ ಹೇಳಿ ಗಂಡನಿಂದಲೋ ಮಕ್ಕಳಿಂದಲೋ ಬರೆಯಿಸಿದರು. ಆ ಕುಟುಂಬಗಳ ಗಂಡಸರು ಸೋಮಾರಿಗಳಾಗಿರಲಿಲ್ಲ, ಕೆಲಸವಿದ್ದವರು, ಸಂಬಳವನ್ನು ಮನೆಗೆ ತಂದು ಕೊಡುತ್ತಿದ್ದವರು. ಆದರೂ ಬಾಡಿಗೆ, ಕಲ್ಲಿದ್ದಲು, ಬಟ್ಟೆಯ ಕಂತು ಎಂದು ತೆಗೆದಿಟ್ಟ ಮೇಲೆ ಊಟಕ್ಕೆ ಉಳಿಯುತ್ತಿದ್ದ ಹಣದಲ್ಲಿ ಎಲ್ಲರ ಹೊಟ್ಟೆ ತುಂಬುತ್ತಿರಲಿಲ್ಲ. ಮಾಂಸದ ತುಂಡು ದುಡಿಯುವ ಗಂಡಸಿನ ತಟ್ಟೆಗೆ ಹೋಗುತ್ತಿತ್ತು, ಏಕೆಂದರೆ ಅವನ ತೋಳಿನ ಬಲ ಕುಂದಿದರೆ ಮನೆಯೇ ಕುಸಿಯುತ್ತಿತ್ತು. ತಾಯಿ ಮತ್ತು ಮಕ್ಕಳು ಬಹುಪಾಲು ಬ್ರೆಡ್ಡಿನ ಮೇಲೆಯೇ ದಿನ ದೂಡುತ್ತಿದ್ದರು.

ಆ ಲೆಕ್ಕಗಳಲ್ಲಿ ಮನೆಯಿಂದ ಮನೆಗೆ ಮರುಕಳಿಸುವ ಒಂದು ಖರ್ಚಿದೆ, ಅಂತ್ಯಸಂಸ್ಕಾರದ ವಿಮೆಯ ಕಂತು. ಹಾಲಿಗೆ ಹಣವಿಲ್ಲದ ಮನೆಯಲ್ಲೂ ಪ್ರತಿ ಮಗುವಿನ ಹೆಸರಿನಲ್ಲಿ ವಾರಕ್ಕೊಂದು ಪೆನ್ನಿಯಂತೆ ಅದನ್ನು ಕಟ್ಟಲಾಗುತ್ತಿತ್ತು. ಹೊರಗಿನಿಂದ ನೋಡಿದವರು ಇದನ್ನು ದುಂದುವೆಚ್ಚ ಎಂದರು. ಮಗು ಸತ್ತರೆ ಅನಾಥ ಶವದಂತೆ ಸರ್ಕಾರಿ ಖರ್ಚಿನಲ್ಲಿ ಮಣ್ಣು ಮಾಡುವ ಅವಮಾನ ಬರಬಾರದು ಎಂಬುದೇ ಅದರ ಹಿಂದಿದ್ದ ಕಾರಣ. ಮಕ್ಕಳು ಸಾಯುವುದು ಅಪರೂಪವಾಗಿರದ ಕೇರಿಗಳಲ್ಲಿ ಆ ಭಯಕ್ಕೆ ಆಧಾರವೂ ಇತ್ತು. ಕೈಯೊಡ್ಡದ ಸ್ವಾಭಿಮಾನ ಎಂದು ತಾವು ಕೊಂಡಾಡುವುದು ಇದನ್ನೇ. ಆ ಸ್ವಾಭಿಮಾನಕ್ಕೆ ನಾನೂ ತಲೆಬಾಗುತ್ತೇನೆ. ಆದರೆ ಸತ್ತ ಮಗುವಿನ ಗೌರವಕ್ಕಾಗಿ ಬದುಕಿರುವ ಮಗುವಿನ ಹಾಲನ್ನು ಕಡಿತಗೊಳಿಸಬೇಕಾದ ಸ್ಥಿತಿಗೆ ಒಬ್ಬ ತಾಯಿಯನ್ನು ತಂದು ನಿಲ್ಲಿಸಿದ ಸಮಾಜವನ್ನು ಮಾದರಿ ಎಂದು ಕರೆಯಲು ನನ್ನಿಂದ ಸಾಧ್ಯವಿಲ್ಲ.

ಈ ಮನೆಗಳ ಮಿತವ್ಯಯ ಎಂಥದ್ದು ಎಂದು ತಿಳಿಯಲು ಹಾಸಿಗೆಯ ಒಂದು ಹಳೆಯ ಹಾಸುಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಮಲಗಿ ಮಲಗಿ ಬಟ್ಟೆ ನಡುವೆ ಸವೆದು ತೆಳ್ಳಗಾದಾಗ ಹೆಂಗಸರು ಅದನ್ನು ಎಸೆಯುತ್ತಿರಲಿಲ್ಲ. ಉದ್ದಕ್ಕೆ ಸರಿಯಾಗಿ ನಡುವೆ ಕತ್ತರಿಸಿ, ಇನ್ನೂ ಗಟ್ಟಿಯಾಗಿ ಉಳಿದಿದ್ದ ಎರಡು ಅಂಚುಗಳನ್ನು ಒಂದಕ್ಕೊಂದು ಜೋಡಿಸಿ ಹೊಲಿದು, ಸವೆದ ಭಾಗ ಹೊರಗಿನ ಅಂಚಿಗೆ ಬರುವಂತೆ ಮಾಡಿ ಮತ್ತೆ ಅಂಚು ಮಡಿಸುತ್ತಿದ್ದರು. ನಡುವಿನ ಹೊಲಿಗೆ ಮಲಗಿದವರ ಬೆನ್ನಿಗೆ ಒತ್ತುತ್ತಿತ್ತು, ಆದರೆ ಬಟ್ಟೆ ಇನ್ನೊಂದಷ್ಟು ಕಾಲ ಬಾಳುತ್ತಿತ್ತು. ಅಂಗಿಯ ಕಾಲರು ಸವೆದರೆ ಅದನ್ನು ಬಿಚ್ಚಿ, ಒಳಮೈಯನ್ನು ಹೊರಗೆ ತಿರುಗಿಸಿ ಹೊಲಿಯುತ್ತಿದ್ದರು. ಹಗಲಿಡೀ ದುಡಿದ ಮೇಲೆ, ಎಲ್ಲರೂ ಮಲಗಿದ ನಂತರ, ಸಣ್ಣ ಬೆಳಕಿನಲ್ಲಿ ನಡೆಯುತ್ತಿದ್ದ ಈ ಕೆಲಸಕ್ಕೆ ಯಾರೂ ಸಂಬಳ ಕೊಡಲಿಲ್ಲ, ಯಾವ ಗಣತಿಯೂ ಇದನ್ನು ದುಡಿಮೆ ಎಂದು ಎಣಿಸಲಿಲ್ಲ. ಹಿರಿಯರು ದಿನಕ್ಕೆ ಹನ್ನೆರಡು ಗಂಟೆ ದುಡಿದರು ಎಂದು ತಾವು ಹೇಳುವಾಗ, ಆ ಹನ್ನೆರಡು ಗಂಟೆ ಸಾಧ್ಯವಾಗಲು ಮನೆಯಲ್ಲಿ ಇನ್ನೊಬ್ಬರು ಹದಿನಾರು ಗಂಟೆ ದುಡಿಯುತ್ತಿದ್ದರು ಎಂಬುದನ್ನೂ ದಯವಿಟ್ಟು ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಬುದ್ಧಿಮಾತನ್ನು ಇಂಥವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗಿದ್ದೂ ಅವರು ಬಡವರಾಗಿಯೇ ಉಳಿದದ್ದೇಕೆ? 1899ರಲ್ಲಿ ಸೀಬೋಮ್ ರೌನ್‌ಟ್ರೀ ಎಂಬ ಉದ್ಯಮಿ ಇಂಗ್ಲೆಂಡಿನ ಯಾರ್ಕ್ ನಗರದ ದುಡಿಯುವ ಕುಟುಂಬಗಳ ಸಮೀಕ್ಷೆ ನಡೆಸಿದ. ಅವನು ಕಾರ್ಮಿಕ ನಾಯಕನಲ್ಲ, ಚಾಕೊಲೇಟ್ ಕಾರ್ಖಾನೆಯ ಮಾಲೀಕರ ಮನೆತನದವನು ಎಂಬುದನ್ನು ನೆನಪಿನಲ್ಲಿಡಬೇಕು. ಒಂದೇ ಒಂದು ಪೆನ್ನಿಯನ್ನೂ ಪೋಲು ಮಾಡದೆ ಖರ್ಚು ಮಾಡಿದರೂ ದೇಹದ ಶಕ್ತಿಯನ್ನು ಕಾಪಾಡಿಕೊಳ್ಳಲು ಸಾಲದಷ್ಟು ಕಡಿಮೆ ಆದಾಯವಿದ್ದ ಕುಟುಂಬಗಳನ್ನು ಅವನು ಪ್ರತ್ಯೇಕವಾಗಿ ಗುರುತಿಸಿದ. ಅಂಥ ಕಡುಬಡತನದಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಬಡತನಕ್ಕೆ ಕಾರಣ ಕುಡಿತವೂ ಆಗಿರಲಿಲ್ಲ, ನಿರುದ್ಯೋಗವೂ ಆಗಿರಲಿಲ್ಲ; ಮನೆಯ ಯಜಮಾನನಿಗೆ ಕಾಯಂ ಕೆಲಸವಿತ್ತು, ಕೂಲಿ ಮಾತ್ರ ಸಾಲುತ್ತಿರಲಿಲ್ಲ. ಕೂಲಿಯವನ ಬದುಕು ಮೂರು ಬಾರಿ ಬಡತನದ ಗೆರೆಯ ಕೆಳಗೆ ಜಾರುತ್ತದೆ ಎಂದೂ ಅವನು ತೋರಿಸಿದ: ತಾನು ಮಗುವಾಗಿದ್ದಾಗ, ತನ್ನ ಮಕ್ಕಳು ಚಿಕ್ಕವರಿದ್ದಾಗ ಮತ್ತು ತೋಳಿನಲ್ಲಿ ಬಲ ಉಡುಗಿ ಮುದುಕನಾದಾಗ. ಶ್ರಮಪಟ್ಟು ದುಡಿದರೆ ಬಡತನ ತಾನಾಗಿಯೇ ಕಳೆಯುತ್ತದೆ ಎಂದು ಯುವಜನರಿಗೆ ಹೇಳುವ ಮುನ್ನ ಈ ಸಂಗತಿಯನ್ನು ತಾವು ಎದುರಿಸಲೇಬೇಕು.

ಇನ್ನು ತಮ್ಮ ಕಾಲ ಮೇಲೆ ತಾವು ನಿಂತರು ಎಂಬ ಮಾತು. ಅವರು ನಿಂತದ್ದು ನಿಜ, ಆದರೆ ಒಬ್ಬೊಬ್ಬರಾಗಿ ನಿಲ್ಲಲಿಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ 28 ಮಂದಿ, ಅವರಲ್ಲಿ ಹಲವರು ನೇಕಾರರು, ವಾರಕ್ಕೆ ಎರಡು ಮೂರು ಪೆನ್ನಿಯಂತೆ ಕೂಡಿಸುತ್ತ ತಲಾ ಒಂದು ಪೌಂಡಿನ ಬಂಡವಾಳ ಸೇರಿಸಿ, 1844ರ ಡಿಸೆಂಬರ್ 21ರ ಸಂಜೆ ಟೋಡ್ ಲೇನ್ ಎಂಬ ಬೀದಿಯಲ್ಲಿ ಒಂದು ಅಂಗಡಿ ತೆರೆದರು. ಮೊದಲ ದಿನ ಅಲ್ಲಿದ್ದ ಸರಕು ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಹಿಟ್ಟು ಮತ್ತು ಮೇಣದಬತ್ತಿ ಇಷ್ಟೇ. ಕಲಬೆರಕೆಯಿಲ್ಲದ ವಸ್ತು, ಸರಿಯಾದ ತೂಕ, ಸಾಲವಿಲ್ಲದ ವ್ಯಾಪಾರ, ಸದಸ್ಯನ ಬಳಿ ಎಷ್ಟೇ ಪಾಲು ಇದ್ದರೂ ಒಂದೇ ಮತ, ಲಾಭವನ್ನು ಖರೀದಿಯ ಪ್ರಮಾಣಕ್ಕೆ ತಕ್ಕಂತೆ ಹಂಚುವುದು ಎಂಬ ನಿಯಮಗಳನ್ನು ಅವರು ಅನುಸರಿಸಿದರು. ಅಂಗಡಿಕಾರನ ಸಾಲದ ಪುಸ್ತಕದಲ್ಲಿ ವರ್ಷಗಟ್ಟಲೆ ಸಿಕ್ಕಿಬಿದ್ದು, ಅವನು ಕೊಟ್ಟದ್ದನ್ನು ಅವನು ಹೇಳಿದ ಬೆಲೆಗೆ ಒಯ್ಯಬೇಕಾಗಿದ್ದ ಕುಟುಂಬಗಳಿಗೆ ಇದು ಎಂಥ ಬಿಡುಗಡೆಯಾಗಿತ್ತು ಎಂಬುದನ್ನು ಸಾಲದ ರುಚಿ ಕಂಡವರೇ ಬಲ್ಲರು. ಮುಂದೆ ಅವರು ತಮ್ಮ ಲಾಭದ ಒಂದು ಪಾಲನ್ನು ಸದಸ್ಯರ ಶಿಕ್ಷಣಕ್ಕೆಂದೇ ಮೀಸಲಿಟ್ಟು ಗ್ರಂಥಾಲಯವನ್ನೂ ನಡೆಸಿದರು.

ಆರು ದಶಕಗಳ ಬಳಿಕ ನಮ್ಮ ನಾಡಿನಲ್ಲಿಯೂ ಅದೇ ದಾರಿ ತೆರೆಯಿತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಬರ ಮತ್ತು ಬಡ್ಡಿಯ ನಡುವೆ ಸಿಕ್ಕ ರೈತ ಕುಟುಂಬಗಳು ಸಾಹುಕಾರನ ಮನೆ ಬಾಗಿಲಲ್ಲಿ ಕಾಯುವ ಬದಲು ತಮ್ಮ ಹಣವನ್ನು ತಾವೇ ಒಟ್ಟುಗೂಡಿಸಿ ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವ ಏರ್ಪಾಡು ಅದು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಜನರ ದುಡಿಮೆ ಮತ್ತು ಒಗ್ಗಟ್ಟು ಎಷ್ಟಿದ್ದರೂ ಅದಕ್ಕೆ ಕಾನೂನಿನ ಆಸರೆ ಬೇಕಾಯಿತು. ಕಾಯಿದೆಯಿಲ್ಲದೆ ಆ ಸಂಘಕ್ಕೆ ನೋಂದಣಿಯಿಲ್ಲ, ನೋಂದಣಿಯಿಲ್ಲದೆ ಸದಸ್ಯರ ಹಣಕ್ಕೆ ಭದ್ರತೆಯಿಲ್ಲ. ಸ್ವಾವಲಂಬನೆ ಒಂದು ಕಡೆ, ಸರ್ಕಾರದ ಬೆಂಬಲ ಇನ್ನೊಂದು ಕಡೆ ಎಂದು ಇಬ್ಭಾಗ ಮಾಡಿ ಮಾತನಾಡುವ ರೂಢಿ ಆ ಹಿರಿಯರಿಗಿರಲಿಲ್ಲ.

ಗಡಿಯಾರದ ವಿಷಯಕ್ಕೆ ಬರುತ್ತೇನೆ. ಹಿರಿಯರು ಗಡಿಯಾರ ನೋಡಲಿಲ್ಲ ಎಂಬ ಮಾತು ಇತಿಹಾಸಕ್ಕೆ ಪೂರ್ತಿ ವಿರುದ್ಧವಾದುದು. 1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆಯವರ ನೇತೃತ್ವದಲ್ಲಿ ಸಭೆ ಸೇರಿ ಸಿದ್ಧಪಡಿಸಿದ ಮನವಿಗೆ ಸುಮಾರು 5,500 ಮಂದಿಯ ಒಪ್ಪಿಗೆಯಿತ್ತು. ಅದರಲ್ಲಿದ್ದ ಬೇಡಿಕೆಗಳನ್ನು ಇಂದು ಓದಿದರೂ ಮನಸ್ಸು ಕಲಕುತ್ತದೆ. ವಾರಕ್ಕೊಂದು ದಿನ ಪೂರ್ಣ ವಿಶ್ರಾಂತಿ, ಮಧ್ಯಾಹ್ನ ಅರ್ಧ ಗಂಟೆಯ ಬಿಡುವು, ಕೆಲಸ ಬೆಳಿಗ್ಗೆ ಆರೂವರೆಗೆ ಆರಂಭವಾಗಿ ಸೂರ್ಯಾಸ್ತಕ್ಕೆ ನಿಲ್ಲಬೇಕು, ತಿಂಗಳ ಸಂಬಳ ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಕೈಸೇರಬೇಕು, ಯಂತ್ರಕ್ಕೆ ಸಿಕ್ಕಿ ಗಾಯಗೊಂಡವನಿಗೆ ಗುಣವಾಗುವವರೆಗೆ ಕೂಲಿ ಸಿಗಬೇಕು, ಅಂಗವಿಕಲನಾದರೆ ಅವನ ಬದುಕಿಗೆ ಏನಾದರೊಂದು ದಾರಿ ಮಾಡಬೇಕು. ಅವರು ಕೇಳಿದ್ದು ಐಷಾರಾಮವನ್ನಲ್ಲ. ಬೆಳಗಿನ ಆರೂವರೆಯಿಂದ ಸಂಜೆಯವರೆಗೆ ದುಡಿಯಲು ಸಿದ್ಧರಿದ್ದ ಜನ, ಕತ್ತಲಾದ ಮೇಲಾದರೂ ಮನೆಗೆ ಬಿಡಿ ಎಂದು ಕೇಳಿದರು. ವಾರದ ರಜೆ ದೊರೆಯಲು ಮತ್ತೆ ಆರು ವರ್ಷ ಹಿಡಿಯಿತು. 1890ರ ಏಪ್ರಿಲ್‌ನಲ್ಲಿ ಸಾವಿರಾರು ಕಾರ್ಮಿಕರು ಸೇರಿದ ಸಭೆಯಲ್ಲಿ ಮಹಿಳಾ ಕಾರ್ಮಿಕರೂ ಎದ್ದುನಿಂತು ಮಾತನಾಡಿದರು. ಅದೇ ವರ್ಷದ ಜೂನ್‌ನಲ್ಲಿ ಗಿರಣಿ ಮಾಲೀಕರು ಬೇಡಿಕೆಗೆ ಒಪ್ಪಿದರು. 1891ರ ಕಾರ್ಖಾನೆ ಕಾಯಿದೆ ಅದನ್ನು ಕಾನೂನಾಗಿಸಿತು.

ಅಲ್ಲಿಂದ ಮುಂದೆ ಒಂದೊಂದು ಗಂಟೆಯನ್ನೂ ತಲೆಮಾರುಗಳು ಸೇರಿ ಎಳೆದು ತಂದಿವೆ. 1881ರ ಮೊದಲ ಕಾರ್ಖಾನೆ ಕಾಯಿದೆ ಏಳು ವರ್ಷ ತುಂಬದ ಮಕ್ಕಳನ್ನು ಮಾತ್ರ ಕಾರ್ಖಾನೆಯಿಂದ ಹೊರಗಿಟ್ಟಿತ್ತು. ಏಳು ತುಂಬಿದ ಮಗು ದಿನಕ್ಕೆ ಒಂಬತ್ತು ಗಂಟೆ ದುಡಿಯಬಹುದಿತ್ತು. 1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ ಮೊದಲ ಒಪ್ಪಂದದಲ್ಲೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿಯನ್ನು ಸಾರಿದರೂ ಭಾರತಕ್ಕೆ 60 ಗಂಟೆಯ ವಿನಾಯಿತಿ ನೀಡಿತು. 1922ರ ಕಾಯಿದೆಯಲ್ಲಿ ಅದೇ 60 ಗಂಟೆ, 1934ರಲ್ಲಿ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ 54 ಗಂಟೆ, ಕೊನೆಗೆ 1946ರ ತಿದ್ದುಪಡಿಯಲ್ಲಿ 48 ಗಂಟೆ ಎಂದಾಯಿತು. ಆ ತಿದ್ದುಪಡಿಗೆ ನೆಲ ಹದಮಾಡಿದ ವರ್ಷಗಳಲ್ಲಿ ವೈಸರಾಯ್ ಮಂಡಳಿಯ ಕಾರ್ಮಿಕ ಖಾತೆ ಡಾ. ಬಿ.ಆರ್. ಅಂಬೇಡ್ಕರ್ ಅವರ ಬಳಿ ಇತ್ತು. ಬೇರೆ ದೇಶಗಳಿಗೆ 1919ರಲ್ಲೇ ಯೋಗ್ಯವೆನಿಸಿದ ಮಿತಿ ನಮ್ಮ ಕಾರ್ಮಿಕರಿಗೆ ದಕ್ಕಲು 27 ವರ್ಷ ಬೇಕಾಯಿತು. ಈಗ ವಾರಕ್ಕೆ ಎಪ್ಪತ್ತು ಗಂಟೆ ದುಡಿಯಬೇಕು, ತೊಂಬತ್ತು ಗಂಟೆ ದುಡಿಯಬೇಕು ಎಂದು ಸಲಹೆ ಕೊಡುವಾಗ, ಅದು 1922ರ ವಸಾಹತು ಕಾಯಿದೆಗಿಂತಲೂ ಹಿಂದಕ್ಕೆ ಹೋಗುವ ಸಲಹೆ ಎಂಬುದು ತಮ್ಮ ಗಮನಕ್ಕೆ ಬಂದಿದೆಯೇ?

ರಕ್ಷಣೆಯ ನಿಯಮಗಳು ಉದ್ಯಮಕ್ಕೆ ಅಡ್ಡಿ ಎಂದು ಹೇಳುವವರಿಗೆ 1911ರ ಮಾರ್ಚ್ 25ರ ಘಟನೆಯನ್ನು ನೆನಪಿಸಬೇಕು. ನ್ಯೂಯಾರ್ಕಿನ ಟ್ರಯಾಂಗಲ್ ಷರ್ಟ್‌ವೇಸ್ಟ್ ಎಂಬ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಸತ್ತರು. ಬಹುಪಾಲು ಮಂದಿ ವಲಸೆ ಬಂದ ಬಡ ಕುಟುಂಬಗಳ ಹರೆಯದ ಹೆಣ್ಣುಮಕ್ಕಳು, ಮನೆಯ ಹೊಟ್ಟೆಪಾಡಿಗೆ ಆಸರೆಯಾಗಿದ್ದವರು. ಒಂದು ಬಾಗಿಲಿಗೆ ಬೀಗ ಹಾಕಲಾಗಿತ್ತು. ಶ್ರಮದಲ್ಲಿ ಅವರಿಗೆ ಕೊರತೆಯಿರಲಿಲ್ಲ. ಹೊರಬರುವ ದಾರಿ ಇರಲಿಲ್ಲ. ಆ ದಿನ ಕಿಟಕಿಗಳಿಂದ ಹಾರಿ ಬೀಳುತ್ತಿದ್ದವರನ್ನು ಬೀದಿಯಲ್ಲಿ ನಿಂತು ಕಂಡ ಫ್ರಾನ್ಸಿಸ್ ಪರ್ಕಿನ್ಸ್ ಮುಂದೆ 1933ರಲ್ಲಿ ಅಮೆರಿಕದ ಕಾರ್ಮಿಕ ಕಾರ್ಯದರ್ಶಿ, ಅಂದರೆ ಕಾರ್ಮಿಕ ಸಚಿವೆಯಾದರು, 1935ರ ಸಾಮಾಜಿಕ ಭದ್ರತಾ ಕಾಯಿದೆಯನ್ನು ರೂಪಿಸುವಲ್ಲಿ ಮುಖ್ಯ ಪಾತ್ರ ವಹಿಸಿದರು.

ಪಿಂಚಣಿಯ ಕುರಿತು ಒಂದೆರಡು ಮಾತು. ಬ್ರಿಟನ್ನಿನಲ್ಲಿ 1834ರ ಬಡವರ ಕಾಯಿದೆಯ ಪ್ರಕಾರ, ನೆರವು ಕೇಳಿದ ಬಡವರನ್ನು ವರ್ಕ್‌ಹೌಸ್ ಎಂಬ ದುಡಿಮೆಯ ಆಶ್ರಮಗಳಿಗೆ ಕಳುಹಿಸುವುದು ನೀತಿಯಾಗಿತ್ತು. ಅಲ್ಲಿ ಗಂಡ ಹೆಂಡಿರನ್ನು ಬೇರೆ ಬೇರೆ ಇಡುತ್ತಿದ್ದರು. ಜೀವನವಿಡೀ ಯಾರ ಹಂಗಿಗೂ ಬೀಳದೆ ದುಡಿದ ಮುದುಕ ಮುದುಕಿಯರಿಗೆ ಅದರ ಹೆಸರು ಕೇಳಿದರೇ ಎದೆ ನಡುಗುತ್ತಿತ್ತು. 1908ರ ಕಾಯಿದೆಯಂತೆ 1909ರ ಜನವರಿ 1ರಿಂದ 70 ದಾಟಿದ ಬಡವರಿಗೆ ವಾರಕ್ಕೆ 5 ಶಿಲಿಂಗ್‌ವರೆಗೆ ಅಂಚೆ ಕಚೇರಿಯಲ್ಲಿ ಪಿಂಚಣಿ ದೊರೆಯತೊಡಗಿತು. ಮೊತ್ತ ಬಹಳ ಸಣ್ಣದು, 70 ವರ್ಷ ಬದುಕಿ ಉಳಿದ ಕಾರ್ಮಿಕರೂ ಕಡಿಮೆ. ಆದರೂ ಆ ಹಣ ಕೈಗೆ ಬಂದ ಮೇಲೆ ಎಷ್ಟೋ ವೃದ್ಧರು ಮಕ್ಕಳ ಮನೆಯಲ್ಲೇ, ತಮ್ಮ ಪಾಲಿನ ಖರ್ಚನ್ನು ತಾವೇ ಕೊಟ್ಟುಕೊಂಡು, ಸೊಸೆಯ ಮುಂದೆ ಕುಗ್ಗದೆ ಉಳಿಯಲು ಸಾಧ್ಯವಾಯಿತು. ಪಿಂಚಣಿ ಬಂದದ್ದರಿಂದ ಅವರ ಸ್ವಾವಲಂಬನೆ ಹೋಗಲಿಲ್ಲ, ಮುಪ್ಪಿನಲ್ಲಿಯೂ ಅದು ಉಳಿಯಿತು. ನಮ್ಮಲ್ಲಿ 1948ರ ನೌಕರರ ರಾಜ್ಯ ವಿಮಾ ಕಾಯಿದೆ ಮತ್ತು 1952ರ ಭವಿಷ್ಯ ನಿಧಿ ಕಾಯಿದೆ ಮಾಡಿದ ಕೆಲಸವೂ ಇದೇ. ಕಾಯಿಲೆ ಬಿದ್ದ ತಿಂಗಳು ಒಲೆ ಆರದಂತೆ, ಮಗಳ ಓದಿಗೆ ಹೊಲ ಮಾರದಂತೆ ಅವು ಎಷ್ಟೋ ಮನೆಗಳನ್ನು ಕಾಪಾಡಿದವು. ನನ್ನಂಥ ಎಷ್ಟೋ ಜನ ಪತ್ರ ಬರೆಯುವಷ್ಟು ಓದಿದ್ದರೆ ಅದರ ಹಿಂದೆ ಹೆತ್ತವರ ಬೆವರೂ ಇದೆ, ಆ ಬೆವರನ್ನು ಪೋಲಾಗದಂತೆ ಹಿಡಿದಿಟ್ಟ ಈ ಕಾಯಿದೆಗಳೂ ಇವೆ. ಒಂದನ್ನು ಹೇಳಿ ಇನ್ನೊಂದನ್ನು ಮರೆಮಾಚುವುದು ಹೆತ್ತವರಿಗೇ ಮಾಡುವ ಅನ್ಯಾಯವೆಂದು ನಾನು ನಂಬಿದ್ದೇನೆ.

ಇಂದಿನ ಯುವಜನರು ದುಡಿಯಲೊಲ್ಲರು ಎಂಬ ದೂರಿನಲ್ಲಿ ನನಗೆ ಹುರುಳು ಕಾಣುವುದಿಲ್ಲ. ಮೊಬೈಲಿನಲ್ಲಿ ಬರುವ ಆರ್ಡರಿಗಾಗಿ ಕಾದು, ಬಿಸಿಲು ಮಳೆಯೆನ್ನದೆ ಮನೆ ಬಾಗಿಲಿಗೆ ಸಾಮಾನು ತಲುಪಿಸುವವರು, ರಾತ್ರಿ ಪಾಳಿಯ ಕಾವಲುಗಾರರು, ಗುತ್ತಿಗೆಯ ಪೌರಕಾರ್ಮಿಕರು, ಮೂರು ನಾಲ್ಕು ಮನೆಗಳ ಕೆಲಸ ಮುಗಿಸಿ ತಮ್ಮ ಮನೆಯ ಕೆಲಸಕ್ಕೆ ಮರಳುವ ಹೆಂಗಸರು ಹಿರಿಯರಷ್ಟೇ ದುಡಿಯುತ್ತಿದ್ದಾರೆ. ಆದರೆ ಇವರಲ್ಲಿ ಅನೇಕರ ಮಾಲೀಕ ಯಾರು ಎಂಬುದೇ ಸ್ಪಷ್ಟವಿಲ್ಲ. ಕೈಕಾಲು ಮುರಿದರೆ ಅಂದಿನಿಂದಲೇ ಸಂಪಾದನೆ ನಿಲ್ಲುತ್ತದೆ, ವಾರದ ರಜೆಯೆಂದರೆ ಆ ದಿನದ ಕೂಲಿ ಖೋತಾ. 1884ರ ಮನವಿಯಲ್ಲಿದ್ದ ಬೇಡಿಕೆಗಳನ್ನು ಅವರ ಮುಂದೆ ಓದಿದರೆ, ಇವು ನಮ್ಮವೇ ಎಂದಾರು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಕೆಲಸದ ಅವಧಿಯನ್ನು ಹೆಚ್ಚಿಸುವ ಅಥವಾ ಭದ್ರತೆಯನ್ನು ಕಡಿತಗೊಳಿಸುವ ಯಾವುದೇ ಮಸೂದೆಯನ್ನು ಮಂಡಿಸುವಾಗ ಹಿರಿಯರ ಹೆಸರನ್ನು ಎತ್ತುವುದಾದರೆ, ಆ ಹಿರಿಯರು ಸಲ್ಲಿಸಿದ ಮನವಿಗಳನ್ನೂ ಸದನದ ಮುಂದಿಡಿ. ಮಾಲೀಕ ಇಂಥವನೆಂದು ಗುರುತಿಸಲಾಗದ ಕೆಲಸಗಳಲ್ಲಿರುವವರಿಗೂ ಅಪಘಾತ ಪರಿಹಾರ, ಕಾಯಿಲೆಯ ದಿನಗಳ ಭತ್ಯೆ ಮತ್ತು ಮುಪ್ಪಿನ ನಿಧಿ ಹಕ್ಕಾಗಿ ಸಿಗುವಂತೆ ಮಾಡಿ. ಅದಕ್ಕೆ ಅವರ ದುಡಿಮೆಯಿಂದ ಲಾಭ ಪಡೆಯುವ ಸಂಸ್ಥೆಗಳು ಪಾಲು ಸಲ್ಲಿಸಲಿ. ಹಳೆಯ ಸಹಕಾರ ಸಂಘಗಳ ನಡಾವಳಿ ಪುಸ್ತಕಗಳು, ಕಾರ್ಮಿಕ ಸಂಘಗಳ ಸದಸ್ಯತ್ವದ ದಾಖಲೆಗಳು, ಮುಚ್ಚಿದ ಗಿರಣಿಗಳ ಹಾಜರಿ ಮತ್ತು ಸಂಬಳದ ಪುಸ್ತಕಗಳು ಗೆದ್ದಲಿಗೂ ಗುಜರಿಗೂ ಪಾಲಾಗುತ್ತಿವೆ. ರಾಜಮನೆತನಗಳ ಕಾಗದಪತ್ರಗಳಿಗೆ ಪತ್ರಾಗಾರಗಳಲ್ಲಿ ಸಿಗುವ ಜಾಗದಲ್ಲಿ ಇವಕ್ಕೂ ಒಂದು ಪಾಲು ಕೊಡಿ. ಮನೆಯ ಲೆಕ್ಕ ಬರೆದಿಟ್ಟ ತಾಯಂದಿರ ನೋಟ್‌ಪುಸ್ತಕಗಳನ್ನು ಕುಟುಂಬಗಳು ಒಪ್ಪಿ ಕೊಟ್ಟರೆ ಅವನ್ನೂ ಸ್ವೀಕರಿಸಿ, ಪಟ್ಟಿ ಮಾಡಿ, ಓದಬಯಸುವವರಿಗೆ ದೊರಕುವಂತೆ ಇಡಿ. ಮುಂದಿನ ಅಧಿವೇಶನದ ಕಾರ್ಯಸೂಚಿಯಲ್ಲಿ ಈ ವಿಷಯಗಳಿಗೆ ಸ್ಥಾನ ನೀಡುವಿರೋ ಇಲ್ಲವೋ ಎಂಬುದನ್ನು ತಾವೂ ಬಹಿರಂಗವಾಗಿಯೇ ತಿಳಿಸಬೇಕೆಂದು ಕೋರುತ್ತೇನೆ.

ಇತಿ,
ದುಡಿಯುವ ಕುಟುಂಬದಿಂದ ಬಂದ ಒಬ್ಬ ನಾಗರಿಕ